ಹನ್ನೊಂದನೇ ಸಲಕ್ಕೆ ಮುಗ್ಗರಿಸುತ್ತಿದ್ದ ಕ್ವೆರಿ

"ಸರ್ವಿಸ್ ರೀಸ್ಟಾರ್ಟ್ ಮಾಡಿ, ಸರಿ ಹೋಗುತ್ತೆ." ಈ ಮಾತು ನಮ್ಮ ತಂಡದಲ್ಲಿ ಸುಮಾರು ಎರಡು ವಾರ ಮಂತ್ರದ ಹಾಗೆ ಓಡಾಡಿತು. ಮಾಡಿದರೆ ಸರಿಯೂ ಹೋಗುತ್ತಿತ್ತು. ಅದೇ ತೊಂದರೆಯಾಗಿದ್ದು. ಸರಿ ಹೋಗದಿದ್ದರೆ ಮೊದಲ ದಿನವೇ ಕೂತು ಹುಡುಕುತ್ತಿದ್ದೆವು.

ತೊಂದರೆ ಕೊಟ್ಟ ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ, ವಿಶೇಷ ಏನೂ ಇಲ್ಲ. ಒಂದು ಖಾತೆಯ ಚಟುವಟಿಕೆಗಳಲ್ಲಿ ತೀರಾ ಈಚಿನ 50 ತೆಗೆದು ತೋರಿಸು, ಅಷ್ಟೆ. ಖಾತೆಯ ಸಂಖ್ಯೆ ಪ್ಯಾರಾಮೀಟರ್ ಆಗಿ, ಅಂದರೆ ಪ್ರತಿ ಸಲ ಹೊರಗಿನಿಂದ ತುಂಬುವ ಬೆಲೆಯಾಗಿ (ಮೌಲ್ಯವಾಗಿ) ಬರುತ್ತದೆ, ಸಾಲುಗಳು ಸಮಯದ ಪ್ರಕಾರ ಹೊಸದು ಮೊದಲಾಗಿ ಜೋಡಣೆಯಾಗುತ್ತವೆ, ಕೊನೆಯಲ್ಲಿ ಲಿಮಿಟ್ 50. ಟೇಬಲ್‌ನಲ್ಲಿ 4 ಕೋಟಿ ಸಾಲು, 2,000 ಖಾತೆ. ಸಾಲುಗಳನ್ನು ಬೇಗ ಹುಡುಕಲು ಖಾತೆಯ ಮೇಲೆ ಒಂದು ಇಂಡೆಕ್ಸ್, ಸಮಯದ ಮೇಲೆ ಇನ್ನೊಂದು. ಎರಡನ್ನೂ ಸೇರಿಸಿದ ಇಂಡೆಕ್ಸ್ ಇರಲಿಲ್ಲ. ಲೆಕ್ಕ ಹಾಕಲು ಸುಲಭವಾಗಲಿ ಎಂದು ಇಲ್ಲಿನ ಅಂಕಿಗಳನ್ನೆಲ್ಲ ದುಂಡಗೆ ಮಾಡಿದ್ದೇನೆ.

ಈ ಕ್ವೆರಿ ವರ್ಷಗಟ್ಟಲೆ ಹತ್ತು ಮಿಲಿಸೆಕೆಂಡಿನ ಒಳಗೆ ಮುಗಿಯುತ್ತಿತ್ತು. ಆಮೇಲೆ ನಾವು ಪೈಥಾನ್ ಪ್ರೋಗ್ರಾಮನ್ನು ಡೇಟಾಬೇಸ್‌ಗೆ ಜೋಡಿಸುವ ಡ್ರೈವರನ್ನು ಸೈಕೋಪಿಜಿ 2ರಿಂದ ಸೈಕೋಪಿಜಿ 3ಕ್ಕೆ ಬದಲಾಯಿಸಿದೆವು. ಡೇಟಾಬೇಸ್ ಅದೇ ಪೋಸ್ಟ್‌ಗ್ರೆಸ್ 15. ಮೊದಲ ದಿನ ಎಲ್ಲ ಚೆನ್ನಾಗಿತ್ತು. ಎರಡನೇ ದಿನ ಕೆಲವು ಸಣ್ಣ ಖಾತೆಯವರು ಪುಟ ತೆರೆಯುತ್ತಲೇ ಇಲ್ಲ ಎಂದರು. ಲಾಗ್ ನೋಡಿದರೆ ಆ ಕ್ವೆರಿಗೆ 20 ಸೆಕೆಂಡ್, 30 ಸೆಕೆಂಡ್. ಅದೇ ಪುಟವನ್ನು ಮತ್ತೆ ತೆರೆದರೆ ಒಮ್ಮೊಮ್ಮೆ ತಕ್ಷಣ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಮೊದಲು ನಾವೆಲ್ಲ ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಲಾಗ್‌ನಲ್ಲಿದ್ದ ಕ್ವೆರಿಯನ್ನು ಎತ್ತಿಕೊಂಡು, ಡಾಲರ್ ಒಂದು ($1, ಪ್ಯಾರಾಮೀಟರ್‌ಗೆ ಬಿಟ್ಟ ಜಾಗದ ಗುರುತು) ಇದ್ದ ಜಾಗದಲ್ಲಿ ಖಾತೆಯ ಸಂಖ್ಯೆ ತುಂಬಿಸಿ, ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನವಾದ ಪಿಎಸ್‌ಕ್ಯೂಎಲ್‌ನಲ್ಲಿ ಓಡಿಸಿದೆವು. 6 ಮಿಲಿಸೆಕೆಂಡ್. ಮತ್ತೆ ಓಡಿಸಿದೆವು. 6 ಮಿಲಿಸೆಕೆಂಡ್. ಕ್ವೆರಿಯನ್ನು ಹೇಗೆ ಓಡಿಸುತ್ತೀಯ ಎಂದು ಎಕ್ಸ್‌ಪ್ಲೇನ್ ಕೇಳಿದರೆ ಖಾತೆಯ ಇಂಡೆಕ್ಸ್ ಬಳಸುವ ಒಳ್ಳೆಯ ಪ್ಲಾನನ್ನೇ ತೋರಿಸಿತು. ಲಾಕ್ ಇರಬಹುದೇ ಎಂದು ನೋಡಿದೆವು, ಇರಲಿಲ್ಲ. ಡಿಸ್ಕ್ ಬಳಲುತ್ತಿದೆಯೇ ಎಂದು ನೋಡಿದೆವು. ಬಳಲುತ್ತಿತ್ತು ನಿಜ, ಆದರೆ ಅದು ಈ ಕ್ವೆರಿಯಿಂದಲೇ. ಕ್ವೆರಿಗಳ ಸಮಯದ ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್‌ನ ಸರಾಸರಿ ಸಮಯ ಅಷ್ಟೇನೂ ಹೆದರಿಸುವ ಹಾಗಿರಲಿಲ್ಲ. ಗರಿಷ್ಠ ಸಮಯದ ಅಂಕಣ ನೋಡಿದ ಮೇಲಷ್ಟೇ ಎದೆ ಧಸಕ್ಕೆಂದಿದ್ದು.

ಕೈಗೆ ಮೊದಲ ಎಳೆ ಸಿಕ್ಕಿದ್ದು ಆಟೋ ಎಕ್ಸ್‌ಪ್ಲೇನ್ ಹಾಕಿದ ಮೇಲೆ. ನಾವು ಕೊಟ್ಟ ಮಿತಿಗಿಂತ, ಅಂದರೆ ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿದ ಕ್ವೆರಿಯ ಪ್ಲಾನನ್ನು ಅದು ಲಾಗ್‌ಗೆ ಬರೆಯುತ್ತದೆ. ಅಲ್ಲಿ ಕಂಡ ಪ್ಲಾನ್ ಬೇರೆಯೇ ಇತ್ತು. ಖಾತೆಯ ಇಂಡೆಕ್ಸ್ ಮುಟ್ಟಿಯೇ ಇಲ್ಲ. ಸಮಯದ ಇಂಡೆಕ್ಸನ್ನು ಕೊನೆಯಿಂದ ಹಿಂದಕ್ಕೆ ಓದುತ್ತಾ ಬಂದು, ಒಂದೊಂದು ಸಾಲನ್ನೂ "ನೀನು ಈ ಖಾತೆಯವನಾ?" ಎಂದು ಕೇಳುತ್ತಿದೆ. ಇನ್ನೊಂದು ಸಣ್ಣ ವಿಷಯವೂ ಕಣ್ಣಿಗೆ ಬಿತ್ತು. ಫಿಲ್ಟರ್ ಸಾಲಿನಲ್ಲಿ ಖಾತೆಯ ಸಂಖ್ಯೆ ಇರಬೇಕಾದ ಕಡೆ ಡಾಲರ್ ಒಂದು ಎಂದೇ ಇತ್ತು.

ಆ ಡಾಲರ್ ಗುರುತಿನಲ್ಲೇ ಉತ್ತರ ಇತ್ತು. ಪ್ಲಾನ್ ಮಾಡುವ ಹೊತ್ತಿನಲ್ಲಿ ಪೋಸ್ಟ್‌ಗ್ರೆಸ್‌ಗೆ ಯಾವ ಖಾತೆ ಎಂದು ಗೊತ್ತೇ ಇರಲಿಲ್ಲ ಎಂದು ಅದರ ಅರ್ಥ. ನಾವು ಪಿಎಸ್‌ಕ್ಯೂಎಲ್‌ನಲ್ಲಿ ಸಂಖ್ಯೆ ತುಂಬಿಸಿ ಓಡಿಸಿದಾಗ ಅದಕ್ಕೆ ಗೊತ್ತಿತ್ತು. ಹಾಗಾಗಿ ನಾವು ಪರೀಕ್ಷಿಸಿದ ಕ್ವೆರಿ ಒಂದು, ಅಲ್ಲಿ ಓಡುತ್ತಿದ್ದ ಕ್ವೆರಿ ಇನ್ನೊಂದು.

ಎರಡು ಐದುಗಳು

ಸೈಕೋಪಿಜಿ 2 ಪ್ಯಾರಾಮೀಟರುಗಳನ್ನು ತಾನೇ ಕ್ವೆರಿಯ ಪಠ್ಯದೊಳಗೆ ತುಂಬಿಸಿ ಕಳಿಸುತ್ತಿತ್ತು. ಸರ್ವರ್‌ಗೆ ಪ್ರತಿ ಸಲವೂ ಪೂರ್ತಿ ತುಂಬಿದ ಕ್ವೆರಿಯೇ ಸಿಗುತ್ತಿತ್ತು. ಸೈಕೋಪಿಜಿ 3 ಹಾಗಲ್ಲ. ಕ್ವೆರಿಯನ್ನೂ ಪ್ಯಾರಾಮೀಟರುಗಳನ್ನೂ ಬೇರೆ ಬೇರೆಯಾಗಿ ಕಳಿಸುತ್ತದೆ. ಜೊತೆಗೆ ಒಂದು ಎಣಿಕೆ ಇಟ್ಟುಕೊಳ್ಳುತ್ತದೆ. ಒಂದೇ ಕನೆಕ್ಷನ್‌ನಲ್ಲಿ ಅದೇ ಕ್ವೆರಿ ಐದು ಸಲ ಓಡಿದರೆ, ಆರನೇ ಸಲಕ್ಕೆ ಅದನ್ನು ಸರ್ವರ್‌ನಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮತ್ತೆ ಮತ್ತೆ ಬಳಸಲು ಮೊದಲೇ ಸಿದ್ಧವಾಗಿಟ್ಟ ಕ್ವೆರಿ) ಮಾಡಿ ಇಡುತ್ತದೆ. ನೀವು ಕೇಳಬೇಕಾಗಿಲ್ಲ. ಈ ಐದನ್ನು ಹಿಡಿದಿರುವ ಸೆಟ್ಟಿಂಗ್‌ನ ಹೆಸರು ಪ್ರಿಪೇರ್ ಥ್ರೆಶೋಲ್ಡ್.

ಇದು ಡ್ರೈವರ್‌ನ ಐದು. ಸರ್ವರ್‌ಗೂ ತನ್ನದೇ ಒಂದು ಐದು ಇದೆ. ಪ್ಯಾರಾಮೀಟರ್ ಇರುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಕೈಗೆ ಬಂದಾಗ ಪೋಸ್ಟ್‌ಗ್ರೆಸ್ ಮೊದಲ ಐದು ಸಲ ಬಂದ ಬೆಲೆಯನ್ನು ನೋಡಿಯೇ ಹೊಸದಾಗಿ ಪ್ಲಾನ್ ಮಾಡುತ್ತದೆ. ಇದಕ್ಕೆ ಕಸ್ಟಮ್ ಪ್ಲಾನ್ ಎನ್ನುತ್ತಾರೆ. ಆರನೇ ಸಲ ಅದು ಯೋಚಿಸುತ್ತದೆ. ಬೆಲೆ ನೋಡದೆ ಒಂದು ಸಾಮಾನ್ಯ ಪ್ಲಾನ್ ಮಾಡಿದರೆ, ಅಂದರೆ ಜೆನೆರಿಕ್ ಪ್ಲಾನ್ ಮಾಡಿದರೆ, ಅದರ ಅಂದಾಜು ವೆಚ್ಚ ಎಷ್ಟು? ಇದುವರೆಗಿನ ಕಸ್ಟಮ್ ಪ್ಲಾನ್‌ಗಳ ಸರಾಸರಿ ವೆಚ್ಚಕ್ಕಿಂತ ಅದು ಕಡಿಮೆಯಾದರೆ ಇನ್ನು ಮುಂದೆ ಜೆನೆರಿಕ್ಕೇ ಸಾಕು.

ಡ್ರೈವರ್‌ನ ಐದು, ಸರ್ವರ್‌ನ ಐದು. ಹನ್ನೊಂದನೇ ಸಲಕ್ಕೆ ಕ್ವೆರಿ ಮುಗ್ಗರಿಸಬಹುದು. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಗೊತ್ತೇ ಇಲ್ಲ.

ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತಿದ್ದದ್ದೂ ಇದಕ್ಕೇ. ಎಣಿಕೆ ಇರುವುದು ಕನೆಕ್ಷನ್ ಒಳಗೆ. ಹೊಸ ಕನೆಕ್ಷನ್ ಬಂದರೆ ಎಣಿಕೆ ಸೊನ್ನೆಯಿಂದ ಶುರು. ಸೈಕೋಪಿಜಿಯ ಪೂಲ್ (ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಹಂಚುವ ಭಾಗ) ಕೂಡ ಒಂದು ಕನೆಕ್ಷನ್ನನ್ನು ಸುಮಾರು ಒಂದು ಗಂಟೆ ಇಟ್ಟುಕೊಂಡು ಆಮೇಲೆ ಹೊಸದು ತರುತ್ತದೆ. ಪುಟ ಒಮ್ಮೆ ತಕ್ಷಣ ಬರುತ್ತಿದ್ದದ್ದು, ಒಮ್ಮೆ ಬಾರದಿದ್ದದ್ದು, ಕೋರಿಕೆ ಯಾವ ಕನೆಕ್ಷನ್‌ನ ಪಾಲಿಗೆ ಬಿತ್ತು ಎನ್ನುವುದರ ಮೇಲೆ ನಿಂತಿತ್ತು. ನಮ್ಮ ಟೆಸ್ಟುಗಳಲ್ಲಿ ಇದು ಸಿಕ್ಕಿಬೀಳಲೇ ಇಲ್ಲ. ಯಾವ ಟೆಸ್ಟೂ ಒಂದೇ ಕನೆಕ್ಷನ್‌ನಲ್ಲಿ ಅದೇ ಕ್ವೆರಿಯನ್ನು ಹನ್ನೊಂದು ಸಲ ಓಡಿಸುವುದಿಲ್ಲ, ಅಲ್ವಾ?

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಇಷ್ಟು ಕೆಟ್ಟ ಪ್ಲಾನ್ ಪೋಸ್ಟ್‌ಗ್ರೆಸ್‌ಗೆ ಅಗ್ಗ ಎಂದು ಕಂಡಿದ್ದಾದರೂ ಹೇಗೆ?

ಸರಾಸರಿ ಖಾತೆ ಎಂಬುದೇ ಇರಲಿಲ್ಲ

ನಮ್ಮ 4 ಕೋಟಿ ಸಾಲುಗಳಲ್ಲಿ 1.6 ಕೋಟಿ ಒಂದೇ ಖಾತೆಯದು. ಇನ್ನು ಕೆಲವು ದೊಡ್ಡ ಖಾತೆಗಳದ್ದು ಸೇರಿ ಮತ್ತೆ 2 ಕೋಟಿ. ಮಿಕ್ಕ ಸಾವಿರಾರು ಖಾತೆಗಳಲ್ಲಿ ಬಹುಪಾಲಿನವಕ್ಕೆ ತಲಾ 2,000 ಸಾಲಿನ ಆಸುಪಾಸು. ಕೆಲವಕ್ಕೆ 30 ಸಾಲೂ ಇಲ್ಲ.

ಬೆಲೆ ಗೊತ್ತಿಲ್ಲದಾಗ ಪ್ಲಾನರ್ ಸರಳ ಭಾಗಾಕಾರ ಮಾಡುತ್ತದೆ. 4 ಕೋಟಿಯನ್ನು 2,000 ಖಾತೆಗಳಿಗೆ ಹಂಚಿದರೆ ತಲಾ 20,000. ಹಾಗಾದರೆ ಪ್ರತಿ 2,000 ಸಾಲಿಗೆ ಒಂದು ಸಾಲು ಬೇಕಾದ ಖಾತೆಯದು. ಸಮಯದ ಇಂಡೆಕ್ಸನ್ನು ಹಿಂದಕ್ಕೆ ಓದುತ್ತಾ ಹೋದರೆ ಒಂದು ಲಕ್ಷ ಸಾಲಿನೊಳಗೆ 50 ಸಿಕ್ಕಿಬಿಡುತ್ತವೆ. ಸಾಲುಗಳು ಡಿಸ್ಕ್‌ನಲ್ಲೂ ಹೆಚ್ಚುಕಡಿಮೆ ಸಮಯದ ಕ್ರಮದಲ್ಲೇ ಇರುವುದರಿಂದ ಈ ಓದು ಅಗ್ಗ. ಅಂದಾಜು ವೆಚ್ಚ ಸುಮಾರು 4,000.

ಈಗ 2,000 ಸಾಲಿನ ಖಾತೆಯ ಕಸ್ಟಮ್ ಪ್ಲಾನ್ ನೋಡಿ. ಖಾತೆಯ ಇಂಡೆಕ್ಸ್ ಹಿಡಿದು ಆ 2,000 ಸಾಲನ್ನೂ ತಂದು, ಜೋಡಿಸಿ, 50 ಕೊಡುತ್ತದೆ. ಸಾಲುಗಳು ಟೇಬಲ್ ತುಂಬ ಚದುರಿವೆ, ಒಂದೊಂದಕ್ಕೂ ಬೇರೆ ಬೇರೆ ಪುಟ ತೆರೆಯಬೇಕು ಎಂದು ಪ್ಲಾನರ್ ಹೆದರುತ್ತದೆ. ಅಂದಾಜು ವೆಚ್ಚ ಸುಮಾರು 8,000. ಆ ಪುಟಗಳು ಆಗಲೇ ಮೆಮೊರಿಯಲ್ಲಿದ್ದುದರಿಂದ ನಿಜದಲ್ಲಿ ಹಿಡಿಯುತ್ತಿದ್ದದ್ದು 6 ಮಿಲಿಸೆಕೆಂಡ್.

ಕಾಗದದ ಮೇಲೆ 8,000ಕ್ಕಿಂತ 4,000 ಅಗ್ಗ. ಜೆನೆರಿಕ್ ಗೆದ್ದಿತು. ಆದರೆ 2,000 ಸಾಲಿನ ಖಾತೆಗೆ ಅದೇ ಪ್ಲಾನ್ ಓಡಿಸಿದರೆ 50 ಸಾಲು ಸಿಗಲು 10 ಲಕ್ಷ ಸಾಲು ಓದಬೇಕು. ಬರೀ 30 ಸಾಲಿನ ಖಾತೆಗೆ 50 ಯಾವತ್ತೂ ಸಿಗುವುದೇ ಇಲ್ಲ. ಹಾಗಾಗಿ ಇಡೀ 4 ಕೋಟಿಯನ್ನೂ ಓದಿ ಮುಗಿಸುತ್ತದೆ. ನಮಗೆ ದೂರು ಬಂದಿದ್ದು ಸಣ್ಣ ಖಾತೆಗಳಿಂದಲೇ ಏಕೆ ಎನ್ನುವುದು ಆಗ ಹೊಳೆಯಿತು. ಪ್ಲಾನರ್ ಲೆಕ್ಕ ಹಾಕಿದ 20,000 ಸಾಲಿನ ಖಾತೆ ನಮ್ಮಲ್ಲಿ ಹುಡುಕಿದರೂ ಒಂದೆರಡು ಸಿಗುತ್ತಿರಲಿಲ್ಲ.

ಇನ್ನೊಂದು ತಮಾಷೆ. ನಾವು ಲೋಡ್ ಟೆಸ್ಟ್ ಮಾಡಿದ್ದೆವು. ಅದಕ್ಕೆ ಬಳಸಿದ್ದು ಆ 1.6 ಕೋಟಿಯ ದೊಡ್ಡ ಖಾತೆ. ದೊಡ್ಡದು ತಾಳಿಕೊಂಡರೆ ಸಣ್ಣದು ತಾಳುವುದಿಲ್ಲವೇ ಎಂಬ ಲೆಕ್ಕ. ಆ ಖಾತೆಗಾದರೆ ಸಮಯದ ಇಂಡೆಕ್ಸ್‌ನಲ್ಲಿ 125 ಸಾಲು ಓದುವಷ್ಟರಲ್ಲಿ 50 ಸಿಗುತ್ತವೆ. ಕಸ್ಟಮ್ ಪ್ಲಾನ್ ವೆಚ್ಚ ತೀರಾ ಕಡಿಮೆ. ಅದರ ಮುಂದೆ ಜೆನೆರಿಕ್ ಯಾವತ್ತೂ ಗೆಲ್ಲುವುದಿಲ್ಲ. ಲಕ್ಷ ಸಲ ಓಡಿಸಿದರೂ ಅಷ್ಟೆ. ನಮ್ಮ ಟೆಸ್ಟ್ ಹಸಿರು ಬಣ್ಣ ತೋರಿಸಿ ನಮ್ಮನ್ನು ಮಲಗಿಸಿತ್ತು.

ನಿಜವಾದ ಬಳಕೆಯಲ್ಲಿ ಖಾತೆಗಳು ಬೆರೆತು ಬರುತ್ತವೆ. ಒಂದು ಕನೆಕ್ಷನ್‌ಗೆ ಮೊದಲು ದೊಡ್ಡ ಖಾತೆಯ ಕೋರಿಕೆಗಳು ಜಾಸ್ತಿ ಬಂದರೆ ಸರಾಸರಿ ತಗ್ಗಿ, ಅದು ತುಂಬ ಹೊತ್ತು ಕಸ್ಟಮ್‌ನಲ್ಲೇ ಇರುತ್ತದೆ. ಪಕ್ಕದ ಕನೆಕ್ಷನ್‌ಗೆ ಸಾಲಾಗಿ ನಡು ಗಾತ್ರದ, ಅಂದರೆ 2,000 ಸಾಲಿನ ಆಸುಪಾಸಿನ ಖಾತೆಗಳು ಬಂದರೆ ಹನ್ನೊಂದನೇ ಸಲಕ್ಕೇ ಜೆನೆರಿಕ್‌ಗೆ ಬೀಳುತ್ತದೆ. ಬಿದ್ದ ಮೇಲೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕಸ್ಟಮ್ ಪ್ಲಾನ್ ಮಾಡುವುದನ್ನೇ ನಿಲ್ಲಿಸಿದ ಮೇಲೆ ಆ ಸರಾಸರಿ ಬದಲಾಗುವ ದಾರಿಯೇ ಇಲ್ಲವಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಇಡೀ ಪ್ರಕರಣದಲ್ಲಿ ನನಗೆ ತೀರಾ ಹೊಸದು ಅನಿಸಿದ್ದು ಇದೇ ಸಂಗತಿ.

ಇದನ್ನು ಕಣ್ಣಾರೆ ನೋಡಲು ಪಿಎಸ್‌ಕ್ಯೂಎಲ್ ಸಾಕು. ಕ್ವೆರಿಯನ್ನು ಪ್ರಿಪೇರ್ ಮಾಡಿ, ನಡು ಗಾತ್ರದ ಖಾತೆಗಳನ್ನು ಕೊಟ್ಟು ಎಕ್ಸ್‌ಪ್ಲೇನ್ ಎಕ್ಸಿಕ್ಯೂಟ್ ಎಂದು ಆರು ಸಲ ಓಡಿಸಿ. ಐದು ಸಲ ಪ್ಲಾನ್‌ನಲ್ಲಿ ಖಾತೆಯ ಸಂಖ್ಯೆ ಕಾಣುತ್ತದೆ. ಆರನೇ ಸಲ ಡಾಲರ್ ಒಂದು ಬಂದು ಕೂರುತ್ತದೆ. ನಾವು ಮಾಡಿದಾಗ ಸುತ್ತ ನಿಂತಿದ್ದವರು ಯಾರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಪೋಸ್ಟ್‌ಗ್ರೆಸ್ 16 ಬಳಸುವವರಿಗೆ ಇಷ್ಟೂ ಬೇಡ. ಎಕ್ಸ್‌ಪ್ಲೇನ್‌ಗೆ ಜೆನೆರಿಕ್ ಪ್ಲಾನ್ ಎಂಬ ಆಯ್ಕೆ ಕೊಟ್ಟರೆ ನೇರವಾಗಿ ತೋರಿಸುತ್ತದೆ.

ಓಡುತ್ತಿರುವ ಸೇವೆಯಲ್ಲಿ ನೋಡುವುದು ಸ್ವಲ್ಪ ರಗಳೆ. ಪಿಜಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ಸ್ ಎಂಬ ವ್ಯೂ (ಟೇಬಲ್‌ನಂತೆ ಓದಬಹುದಾದ ಪಟ್ಟಿ) ಇದೆ. ಆವೃತ್ತಿ 14ರಿಂದ ಅದರಲ್ಲಿ ಎಷ್ಟು ಸಲ ಕಸ್ಟಮ್, ಎಷ್ಟು ಸಲ ಜೆನೆರಿಕ್ ಎಂಬ ಎರಡು ಅಂಕಣಗಳೂ ಇವೆ. ಆದರೆ ಅದು ತೋರಿಸುವುದು ನಿಮ್ಮದೇ ಸೆಷನ್‌ನಲ್ಲಿ ಇರುವುದನ್ನು ಮಾತ್ರ. ಹೊರಗಿನಿಂದ ಇಣುಕಿದರೆ ಖಾಲಿ. ಕೊನೆಗೆ ಸೇವೆಯ ಒಳಗಿಂದಲೇ, ಅದರ ಪೂಲ್‌ನ ಕನೆಕ್ಷನ್ ಬಳಸಿ, ಆ ವ್ಯೂ ಓದಿ ಲಾಗ್‌ಗೆ ಬರೆಯುವ ಹತ್ತು ಸಾಲಿನ ಕೋಡ್ ಸೇರಿಸಿದೆವು.

ಅಲ್ಲಿ ಕೇಳದೇ ಇದ್ದ ಎರಡು ವಿಷಯಗಳೂ ಸಿಕ್ಕವು. ಒಂದೇ ಕ್ವೆರಿ ಪಟ್ಟಿಯಲ್ಲಿ ಎರಡು ಸಲ ಇತ್ತು. ಒಂದರ ಪ್ಯಾರಾಮೀಟರ್ ಸ್ಮಾಲ್‌ಇಂಟ್, ಇನ್ನೊಂದರದು ಇಂಟಿಜರ್. ಸೈಕೋಪಿಜಿ 3 ಪೈಥಾನ್ ಸಂಖ್ಯೆಗೆ ಅದರ ಗಾತ್ರ ನೋಡಿ ಟೈಪ್ ಕೊಡುತ್ತದೆ. ಖಾತೆಯ ಸಂಖ್ಯೆ 32,767 ದಾಟಿದರೆ ಟೈಪ್ ಬೇರೆ, ಟೈಪ್ ಬೇರೆಯಾದರೆ ಎಣಿಕೆಯೂ ಬೇರೆ. ಎರಡನೆಯದು ಇನ್ನೂ ಮಜಾ. ಐಎನ್ (IN, ಇವುಗಳಲ್ಲಿ ಯಾವುದಾದರೂ ಒಂದು ಎನ್ನುವ) ಪಟ್ಟಿಯಲ್ಲಿ ಮೂರು ಬೆಲೆ ಇರುವ ಕ್ವೆರಿ ಒಂದು, ನಾಲ್ಕು ಇರುವುದು ಇನ್ನೊಂದು, ಐದು ಇರುವುದು ಮತ್ತೊಂದು, ಹೀಗೆ ಒಂದೇ ಕ್ವೆರಿಯ ಮೂವತ್ತು ಅವತಾರ. ಡ್ರೈವರ್ ಒಂದು ಕನೆಕ್ಷನ್‌ಗೆ 100 ಸ್ಟೇಟ್‌ಮೆಂಟ್ ಮಾತ್ರ ಇಟ್ಟುಕೊಳ್ಳುತ್ತದೆ, ಜಾಸ್ತಿಯಾದರೆ ಹಳೆಯದನ್ನು ಕಿತ್ತುಹಾಕುತ್ತದೆ. ಈ ಅವತಾರಗಳು ಉಪಯೋಗದ ಸ್ಟೇಟ್‌ಮೆಂಟುಗಳನ್ನು ಹೊರಗೆ ತಳ್ಳುತ್ತಿದ್ದವು. ಐಎನ್ ತೆಗೆದು ಎನಿ (ANY) ಬಳಸಿ, ಪೂರ್ತಿ ಪಟ್ಟಿಯನ್ನು ಒಂದೇ ಅರೇಯಾಗಿ ಕಳಿಸಿದೆವು. ಮೂವತ್ತು ಹೋಗಿ ಒಂದಾಯಿತು.

ಸೊನ್ನೆ ಎಂದರೆ ಬಂದ್ ಅಲ್ವಾ?

ಕಾರಣ ಗೊತ್ತಾದ ಸಂಜೆ ಎಲ್ಲರಿಗೂ ಅವಸರ. ಜಾವಾದಲ್ಲಿ ತುಂಬ ಕೆಲಸ ಮಾಡಿದ್ದ ಸಹೋದ್ಯೋಗಿಯೊಬ್ಬರು, "ಪ್ರಿಪೇರ್ ಥ್ರೆಶೋಲ್ಡ್ ಸೊನ್ನೆ ಮಾಡಿ, ಆಫ್ ಆಗುತ್ತೆ" ಎಂದರು. ಜಾವಾದಲ್ಲಿ ಬಳಸುವ ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್‌ನಲ್ಲೂ ಅದೇ ಹೆಸರಿನ ಸೆಟ್ಟಿಂಗ್ ಇದೆ. ಅಲ್ಲೂ ಮೂಲ ಬೆಲೆ ಐದು. ಅಲ್ಲಿ ಸೊನ್ನೆ ಕೊಟ್ಟರೆ ಸರ್ವರ್ ಕಡೆಯ ಪ್ರಿಪೇರ್ ನಿಂತುಹೋಗುತ್ತದೆ. ಅವರು ಹೇಳಿದ್ದು ಅವರ ಲೋಕದಲ್ಲಿ ನೂರಕ್ಕೆ ನೂರು ಸರಿ.

ಸೈಕೋಪಿಜಿ 3ರಲ್ಲಿ ಸೊನ್ನೆ ಎಂದರೆ "ಕಾಯಬೇಡ, ಮೊದಲ ಸಲವೇ ಪ್ರಿಪೇರ್ ಮಾಡು" ಎಂದು. ಬಂದ್ ಮಾಡಲು ಕೊಡಬೇಕಾದದ್ದು ನನ್ (None), ಪೈಥಾನ್‌ನಲ್ಲಿ "ಏನೂ ಇಲ್ಲ" ಎನ್ನುವ ಬೆಲೆ. ನಾವು ಸೊನ್ನೆ ಹಾಕಿ ಹೊರಗೆ ಬಿಟ್ಟೆವು. ಹನ್ನೊಂದನೇ ಸಲಕ್ಕೆ ಬೀಳುತ್ತಿದ್ದ ಕ್ವೆರಿ ಆರನೇ ಸಲಕ್ಕೇ ಬೀಳತೊಡಗಿತು. ಅರ್ಧ ಗಂಟೆಯಲ್ಲಿ ಫೋನುಗಳು ಶುರು. ಡಾಕ್ಯುಮೆಂಟೇಶನ್‌ನ ಒಂದು ಪ್ಯಾರಾ ಓದಿದ್ದರೆ ತಪ್ಪುತ್ತಿತ್ತು. ಯಾರೂ ಓದಿರಲಿಲ್ಲ, ನಾನೂ ಸೇರಿ.

ಆಮೇಲೆ ನನ್ ಹಾಕಿದೆವು. ಆ ಕ್ವೆರಿ ತಕ್ಷಣ ಸರಿಯಾಯಿತು. ಆದರೆ ಡೇಟಾಬೇಸ್‌ನ ಸಿಪಿಯು ಏರಿತು. ಹುಡುಕಿದಾಗ ಸಿಕ್ಕಿದ್ದು ಏಳು ಟೇಬಲ್ ಸೇರಿಸುವ ಒಂದು ಅನುಮತಿ ಪರೀಕ್ಷೆಯ ಕ್ವೆರಿ. ಅದನ್ನು ಓಡಿಸಲು ಒಂದು ಮಿಲಿಸೆಕೆಂಡ್ ಸಾಕು, ಪ್ಲಾನ್ ಮಾಡಲು ಮಾತ್ರ ಐದು ಬೇಕು. ಪ್ರತಿ ಕೋರಿಕೆಗೂ ಅದು ಓಡುತ್ತದೆ. ಜೆನೆರಿಕ್ ಪ್ಲಾನ್ ಇದ್ದಾಗ ಆ ಐದು ಮಿಲಿಸೆಕೆಂಡ್ ಉಳಿಯುತ್ತಿತ್ತು. ಈಗ ಪ್ರತಿ ಸಲವೂ ತೆರಬೇಕಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಪ್ರಿಪೇರ್ ಮಾಡಿದರೆ ಪ್ಲಾನ್ ಮಾಡುವ ಶ್ರಮ ತಾನಾಗಿಯೇ ಉಳಿಯುತ್ತದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಕಸ್ಟಮ್ ಪ್ಲಾನ್‌ನಲ್ಲಿ ಉಳಿಯುವುದು ಕ್ವೆರಿಯ ಪಠ್ಯವನ್ನು ಬಿಡಿಸಿ ಓದುವ ಕೆಲಸ ಮಾತ್ರ. ಪ್ಲಾನ್ ಪ್ರತಿ ಸಲ ಹೊಸದಾಗಿಯೇ ಆಗುತ್ತದೆ. ದೊಡ್ಡ ಉಳಿತಾಯ ಬರುವುದು ಜೆನೆರಿಕ್‌ಗೆ ಹೋದಾಗಲೇ. ಅಂದರೆ ಏಳು ಟೇಬಲ್‌ನ ಕ್ವೆರಿಯನ್ನು ಕಾಪಾಡುತ್ತಿದ್ದದ್ದೂ ಚಟುವಟಿಕೆಯ ಕ್ವೆರಿಯನ್ನು ಕೆಡಿಸುತ್ತಿದ್ದದ್ದೂ ಒಂದೇ ವಸ್ತು. ಇಡೀ ಸೇವೆಗೆ ಒಂದೇ ಸ್ವಿಚ್ ಇಟ್ಟರೆ ಇಬ್ಬರಲ್ಲಿ ಒಬ್ಬರಿಗೆ ಏಟು ಖಂಡಿತ.

ಹಾಗಾಗಿ ಥ್ರೆಶೋಲ್ಡನ್ನು ಮತ್ತೆ ಐದಕ್ಕೆ ತಂದೆವು. ಸೈಕೋಪಿಜಿಯ ಎಕ್ಸಿಕ್ಯೂಟ್‌ಗೆ ಪ್ರಿಪೇರ್ ಎಂಬ ಆಯ್ಕೆ ಕೊಡಬಹುದು. ಚಟುವಟಿಕೆಯ ಕ್ವೆರಿ ಇದ್ದ ಒಂದೇ ಜಾಗದಲ್ಲಿ ಅದನ್ನು ಫಾಲ್ಸ್ ಮಾಡಿದೆವು. ಒಂದು ಪದದ ಬದಲಾವಣೆ. ಆ ರಾತ್ರಿ ನಿದ್ದೆ ಬಂತು.

ಸರ್ವರ್ ಕಡೆಯಿಂದಲೂ ಹಿಡಿತ ಇಡಬಹುದಿತ್ತು. ಪ್ಲಾನ್ ಕ್ಯಾಶ್ ಮೋಡ್ ಎಂಬ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 12ರಿಂದ ಇದೆ. ಅದಕ್ಕೆ ಫೋರ್ಸ್ ಕಸ್ಟಮ್ ಪ್ಲಾನ್ ಎಂದು ಕೊಟ್ಟರೆ ಜೆನೆರಿಕ್‌ನ ತಂಟೆಯೇ ಇಲ್ಲ. ಡ್ರೈವರ್‌ನಲ್ಲಿ ಇಂಥ ಸೂಕ್ಷ್ಮ ಆಯ್ಕೆ ಇಲ್ಲದವರಿಗೆ ಅದು ಒಳ್ಳೆಯ ದಾರಿ. ನಮಗೆ ಬೇಕಾದದ್ದು ಒಂದೇ ಕ್ವೆರಿಗೆ. ಅದಕ್ಕಾಗಿ ಪ್ರತಿ ಟ್ರಾನ್ಸಾಕ್ಷನ್‌ನಲ್ಲಿ ಸೆಟ್ ಲೋಕಲ್ ಎಂದು ಇನ್ನೊಂದು ಸುತ್ತು ಹೋಗಿಬರುವುದು ಬೇಡ ಅನಿಸಿತು.

ಎರಡು ದಿನ ಬಿಟ್ಟು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಖಾತೆ ಮತ್ತು ಸಮಯ ಎರಡನ್ನೂ ಸೇರಿಸಿದ ಇಂಡೆಕ್ಸ್ ಕಟ್ಟಿದೆವು. ಬರೆಯುವವರಿಗೆ ತಡೆಯಾಗದಿರಲಿ ಎಂದು ಕನ್‌ಕರೆಂಟ್ಲಿ ಕೊಟ್ಟು. ಈಗ ಯಾವ ಖಾತೆಯಾದರೂ ನೇರವಾಗಿ ಅದರ ಕೊನೆಯ 50 ಸಾಲಿಗೆ ಹೋಗಿ ನಿಲ್ಲುತ್ತದೆ. ಕಸ್ಟಮ್ ಆದರೂ ಅದೇ ಪ್ಲಾನ್, ಜೆನೆರಿಕ್ ಆದರೂ ಅದೇ ಪ್ಲಾನ್. ಸಮಯ ಒಂದು ಮಿಲಿಸೆಕೆಂಡಿಗೂ ಕಡಿಮೆ. ಹಳೆಯ ಡ್ರೈವರ್ ಇದ್ದಾಗ ಈ ಇಂಡೆಕ್ಸ್ ಇಲ್ಲದಿದ್ದದ್ದು ಯಾರಿಗೂ ನೋಯಲಿಲ್ಲ. ಹೊಸ ಡ್ರೈವರ್ ಆ ಹಳೆಯ ಹುಳುಕನ್ನು ಹೊರಗೆ ತಂದಿತು ಎನ್ನಬಹುದು. ಅದರ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ಕನೆಕ್ಷನ್ ನಡುವೆ ಇನ್ನೊಬ್ಬ ಬಂದಾಗ

ಕೆಲವು ತಿಂಗಳ ನಂತರ ಕನೆಕ್ಷನ್‌ಗಳು ಹೆಚ್ಚಾಗಿ, ನಡುವೆ ಪಿಜಿಬೌನ್ಸರ್ (ಸರ್ವರ್‌ನ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಮಧ್ಯವರ್ತಿ) ಇಡುವ ಮಾತು ಬಂತು, ಟ್ರಾನ್ಸಾಕ್ಷನ್ ಮೋಡ್‌ನಲ್ಲಿ. ಈ ಸಲ ಓದಿಕೊಂಡೇ ಹೋದೆವು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇರುವುದು ಸರ್ವರ್‌ನ ಒಂದು ನಿರ್ದಿಷ್ಟ ಕನೆಕ್ಷನ್‌ನಲ್ಲಿ. ಪಿಜಿಬೌನ್ಸರ್ ಮುಂದಿನ ಟ್ರಾನ್ಸಾಕ್ಷನ್ನನ್ನು ಬೇರೊಂದು ಕನೆಕ್ಷನ್‌ಗೆ ಕಳಿಸಬಹುದು. ಅಲ್ಲಿ ಆ ಹೆಸರಿನ ಸ್ಟೇಟ್‌ಮೆಂಟ್ ಇಲ್ಲದಿದ್ದರೆ "ಅದು ಇಲ್ಲ" ಎಂಬ ದೋಷ. ಬೇರೆಯವರು ಅದೇ ಹೆಸರಲ್ಲಿ ಮಾಡಿಟ್ಟಿದ್ದರೆ "ಅದು ಆಗಲೇ ಇದೆ" ಎಂಬ ದೋಷ.

2023ರಲ್ಲಿ ಬಂದ ಪಿಜಿಬೌನ್ಸರ್ 1.21 ಇದನ್ನು ತಾನೇ ಲೆಕ್ಕ ಇಟ್ಟು ನಿಭಾಯಿಸಲು ಕಲಿತಿದೆ. ಆದರೆ ಡ್ರೈವರ್ ಸ್ಟೇಟ್‌ಮೆಂಟ್ ಅಳಿಸುವಾಗ ಅದಕ್ಕೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು. ಸೈಕೋಪಿಜಿಗೆ ಅದು ಆವೃತ್ತಿ 3.2ರಿಂದ ಬಂತು. ಅದೂ ಸೈಕೋಪಿಜಿಯ ಕೆಳಗಿರುವ ಪೋಸ್ಟ್‌ಗ್ರೆಸ್ ಲೈಬ್ರರಿ ಲಿಬ್‌ಪಿಕ್ಯೂ 17 ಅಥವಾ ಮುಂದಿನದು, ಪಿಜಿಬೌನ್ಸರ್ 1.22 ಅಥವಾ ಮುಂದಿನದು ಆಗಿದ್ದರೆ. ನಮ್ಮ ಕೆಲವು ಸೇವೆಗಳಲ್ಲಿ ಲಿಬ್‌ಪಿಕ್ಯೂ ಹಳೆಯದಿತ್ತು. ಅವಕ್ಕೆ ಸುಮ್ನೆ ನನ್ ಹಾಕಿಬಿಟ್ಟೆವು. ಈ ಸಲ ಸೊನ್ನೆ ಎಂದು ಯಾರೂ ಹೇಳಲಿಲ್ಲ.

ಇಂಡೆಕ್ಸ್ ಬಂದ ಮೇಲೆ ಚಟುವಟಿಕೆಯ ಕ್ವೆರಿಯಲ್ಲಿದ್ದ ಫಾಲ್ಸ್ ತೆಗೆದೆವು. ಉಳಿದದ್ದು ಒಂದು ಟೆಸ್ಟ್. ಮುಖ್ಯವಾದ ಪ್ರತಿ ಕ್ವೆರಿಯನ್ನೂ ಒಂದೇ ಕನೆಕ್ಷನ್‌ನಲ್ಲಿ, ನಡು ಗಾತ್ರದ ಖಾತೆಗಳನ್ನು ಕೊಟ್ಟು ಹನ್ನೆರಡು ಸಲ ಓಡಿಸುತ್ತದೆ. ಮೊದಲ ಸಲದ ಸಮಯವನ್ನೂ ಕೊನೆಯ ಸಲದ ಸಮಯವನ್ನೂ ಹೋಲಿಸುತ್ತದೆ. ಹೊಸದಾಗಿ ಸೇರಿದವರು ಅದನ್ನು ನೋಡಿ "ಇದೇನು, ಹನ್ನೆರಡೇ ಯಾಕೆ?" ಎಂದು ಕೇಳುತ್ತಾರೆ. ಡ್ರೈವರ್‌ಗೆ ಐದು, ಸರ್ವರ್‌ಗೆ ಐದು, ಬೀಳಲು ಒಂದು, ಬಿದ್ದದ್ದು ನಿಜವೇ ಎಂದು ನೋಡಲು ಇನ್ನೊಂದು.